ಆರು ಕಣ್ಣಿನ ಕಾರು

ಕಾರು ಬರುವುದಕ್ಕೆ ಎಂಟು ತಿಂಗಳು ಇರುವಾಗಲೇ ಅದರ ಬಗ್ಗೆ ನನಗೆ ನಲವತ್ಮೂರು ಸಂಗತಿ ಗೊತ್ತಿದ್ದವು. ಎಲ್ಲವನ್ನೂ ಮೊಬೈಲಿನಲ್ಲಿ ಪಟ್ಟಿ ಮಾಡಿ ಇಟ್ಟಿದ್ದೆ. ಸೀಟಿನ ಒಳಗಿನಿಂದ ತಣ್ಣನೆ ಗಾಳಿ, ಕೈ ತುಂಬಿದ್ದರೆ ಕಾಲಾಡಿಸಿದ ಕೂಡಲೇ ತೆರೆಯುವ ಡಿಕ್ಕಿ, ಹೊಲದಲ್ಲಿ ನಿಲ್ಲಿಸಿ ಮಿಕ್ಸರ್ ಓಡಿಸಬಹುದಾದ ಕರೆಂಟಿನ ಪ್ಲಗ್ಗು, ಅರವತ್ನಾಲ್ಕು ಬಣ್ಣದ ದೀಪ. ಯಾವುದೋ ಹೆದ್ದಾರಿಯಲ್ಲಿ ಗುರುತು ಸಿಗದಂತೆ ಮೈತುಂಬ ಕಪ್ಪುಬಿಳಿ ಸ್ಟಿಕರ್ ಸುತ್ತಿಕೊಂಡು ಓಡುತ್ತಿದ್ದ ಆ ಕಾರಿನ ಮಸುಕು ಫೋಟೋ ಯಾರಾದರೂ ಹಾಕಿದರೆ ಸಾಕು, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ, ಕನ್ನಡಿಯ ಕೆಳಗಿನ ಆ ಉಬ್ಬು ಕ್ಯಾಮೆರಾನೋ ಬರೀ ಬೋಲ್ಟೋ ಎಂದು ನೋಡುತ್ತ ಕೂರುತ್ತಿದ್ದೆ. ಪಟ್ಟಿಯಲ್ಲಿ ಒಂದೊಂದರ ಮುಂದೆಯೂ ‘ಬರಬಹುದು’, ‘ಬಂದೇ ಬರುತ್ತದೆ’, ‘ಮೇಲಿನ ಮಾಡೆಲ್ಲಿಗೆ ಮಾತ್ರ’ ಎಂದು ಬರೆದಿದ್ದೆ. ವಾರಕ್ಕೊಮ್ಮೆ ಅವನ್ನೆಲ್ಲ ಅಳಿಸಿ ಬೇರೆ ಬರೆಯುತ್ತಿದ್ದೆ, ಏಕೆಂದರೆ ಒಬ್ಬ ವಿಡಿಯೋದಲ್ಲಿ ಹೇಳಿದ್ದನ್ನು ಇನ್ನೊಬ್ಬ ಹೇಳುತ್ತಿರಲಿಲ್ಲ.

ಬೈಲಹೊಂಗಲದಲ್ಲಿ ನಮ್ಮಪ್ಪನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ಹಾಗಾಗಿ ನಟ್ಟು ಬೋಲ್ಟಿನ ಹುಚ್ಚು ನನಗೆ ಸಣ್ಣಾಗಿನಿಂದಲೂ ಇತ್ತು. ಆದರೆ ‘ಪೂನಮ್‌ಗೆ ಕಾರಿನದೆಲ್ಲ ಗೊತ್ತು’ ಎಂದು ನಿಜವಾಗಿ ನಂಬಿದವಳು ಒಬ್ಬಳೇ, ಅಪ್ಪನ ತಂಗಿ ಶೈಲಜಾ ಅತ್ತಿ. ಮುನವಳ್ಳಿಯಲ್ಲಿ ಅವಳ ಮನೆ, ಹೂಲಿಯ ಸರಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ನನ್ನ ನಲವತ್ಮೂರರಲ್ಲಿ ಅವಳು ಕೇಳಿದ್ದು ಒಂದನ್ನೇ.

“ಕುತ್ತಿಗಿ ಹೊಳ್ಳಸದ ಹಿಂದಿಂದು ಕಾಣತೈತೇನ, ಅಷ್ಟ ಹೇಳು.”

“ಕಾಣತೈತಿ ಅತ್ತಿ. ಹಿಂದ, ಮುಂದ, ಎರಡೂ ಮಗ್ಗಲು. ಕಾರಿನ ಮ್ಯಾಲ ಹದ್ದು ಹಾರಿ ನೋಡಿದಂಗ ಕಾಣತೈತಿ.”

“ಹದ್ದು ಬ್ಯಾಡ. ಕೃಷ್ಣವ್ವನ ದೋಣಿ ಕಂಡ್ರ ಸಾಕು.”

ದೋಣಿ ಎಂದರೆ ಎಮ್ಮೆಗೆ ನೀರಿಡುವ ಕಲ್ಲಿನ ತೊಟ್ಟಿ. ಅತ್ತಿಯ ಓಣಿ ಎಷ್ಟು ಇಕ್ಕಟ್ಟೆಂದರೆ ಕಾರು ಮೂತಿ ಮುಂದೆ ಮಾಡಿಕೊಂಡು ಒಳಗೆ ಬರಬೇಕು, ಹಿಂದಕ್ಕೇ ಸರಿದು ಹೊರಗೆ ಹೋಗಬೇಕು. ಓಣಿಯ ಬಾಯಲ್ಲಿ ಕೃಷ್ಣವ್ವನ ಮನೆ, ಮನೆ ಮುಂದೆ ಆ ದೋಣಿ. ಎರಡು ವರ್ಷದ ಹಿಂದೆ ಅತ್ತಿಯ ಕುತ್ತಿಗೆಯ ಎರಡು ಎಲುಬು ಕೂಡಿಸಿ ಆಪರೇಷನ್ ಮಾಡಿದರು. ನೋವು ಹೋಯಿತು, ಕುತ್ತಿಗೆ ಹೊರಳುವುದೂ ಬಾಗುವುದೂ ಹೋಯಿತು. ಈಗ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಾಳೆ, ಕಪಾಟು ಸರಿಸಿದ ಹಾಗೆ. ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಹಳೆ ಕಾರನ್ನು ಹಿಂದಕ್ಕೆ ತೆಗೆಯುವಾಗ ದೋಣಿಗೆ ಗುದ್ದಿದಳು. ದೋಣಿ ಸೀಳಿತು. ಒಂದು ಗಳಿಗೆ ಮೊದಲು ಅಲ್ಲಿ ಕೃಷ್ಣವ್ವನ ಕರು ನಿಂತಿತ್ತು. ಅತ್ತಿ ಇಳಿದವಳು ದೋಣಿಯನ್ನು ನೋಡಲಿಲ್ಲ, ಕರು ಎಲ್ಲಿ ಎಂದು ಹುಡುಕಿದಳಂತೆ. ಅವತ್ತೇ ಕೀಲಿಯನ್ನು ಗಂಡನ ಕೈಗೆ ಕೊಟ್ಟಳು. ತಿಂಗಳಲ್ಲಿ ಕಾರು ಮಾರಿದರು.

ಆಮೇಲೆ ಬಸ್ಸು. ಮುನವಳ್ಳಿಯಿಂದ ಸವದತ್ತಿ, ಅಲ್ಲಿ ಇಳಿದು ಮತ್ತೆ ಹೂಲಿಗೆ. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿ ಇದ್ದ ದಿನ ನಿಂತೇ ಹೋಗಬೇಕು, ಒಂದೊಂದು ತಗ್ಗಿಗೂ ಕುತ್ತಿಗೆ ಹಿಡಿದುಕೊಳ್ಳಬೇಕು. ಸಂಜೆ ಬಂದು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದಳು. ಈ ವರ್ಷ ವರ್ಗಾವಣೆಗೆ ಅರ್ಜಿ ಕರೆದಾಗ ಮುನವಳ್ಳಿಯಲ್ಲೇ ಒಂದು ಜಾಗ ಖಾಲಿ ಇತ್ತು. ಅತ್ತಿಯ ಗಂಡ ಅಂದಾನೆಪ್ಪ ಮಾವ ಅರ್ಜಿಯನ್ನು ತಾನೇ ತುಂಬಿ ಇಟ್ಟುಬಿಟ್ಟ. ಅವಳ ಸಹಿ ಒಂದೇ ಬಾಕಿ. ಕೊನೆಯ ದಿನ ಶನಿವಾರ. ಹನ್ನೊಂದು ವರ್ಷ ಇದ್ದ ಹೂಲಿ ಶಾಲೆ ಬಿಡಲು ಅತ್ತಿಗೆ ಸುತಾರಾಂ ಮನಸ್ಸಿಲ್ಲ. ಕಾರು ಕೈಗೆ ಬರುವುದು ಶುಕ್ರವಾರ.

“ಹಿಂದಿಂದು ಕಂಡ್ರ ಸೋಮವಾರ ನಾನ ಓಡಿಸಿಕೊಂಡ ಹೂಲಿಗೆ ಹೋಗತೇನಿ. ಕಾಣಲಿಲ್ಲಂದ್ರ ಸಹಿ ಮಾಡತೇನಿ,” ಎಂದಳು ಅತ್ತಿ. ಹೇಳಿ, ಮೈ ತಿರುಗಿಸಿ ನನ್ನನ್ನು ನೋಡಿದಳು.

ನನಗೆ ಅವತ್ತಿನಿಂದ ನಿದ್ದೆ ಸರಿ ಬರಲಿಲ್ಲ. ಯಾಕೆಂದರೆ ಆ ಕಾರಿನಲ್ಲಿ ಮೂರು ಮಾಡೆಲ್ಲು: ಪ್ಲಸ್, ಪ್ರೋ, ಪ್ರೋ ಪ್ಲಸ್. ಸುತ್ತಲೂ ಕಾಣುವ ಕ್ಯಾಮೆರಾ ಪ್ರೋದಿಂದಲೇ ಬರುತ್ತದೆ ಎಂದು ನಾನು ನೋಡಿದ ವಿಡಿಯೋದಲ್ಲಿತ್ತು, ಅದಕ್ಕೇ ಪ್ರೋ ಬುಕ್ ಮಾಡಿಸಿದ್ದೆ. ಕಾರು ಬಿಡುಗಡೆಯಾದ ಮರುದಿನ ಇನ್ನೊಬ್ಬ ಅದು ಪ್ರೋ ಪ್ಲಸ್‌ಗೆ ಮಾತ್ರ ಎಂದ. ಕಂಪನಿಯ ಪುಸ್ತಕದಲ್ಲಿ ಪ್ರೋದ ಮುಂದೆ ಟಿಕ್ ಮಾರ್ಕ್ ಇತ್ತು, ಟಿಕ್ಕಿನ ಪಕ್ಕ ಒಂದು ನಕ್ಷತ್ರ ಇತ್ತು, ನಕ್ಷತ್ರದ ಅರ್ಥ ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು: ‘ಅಳವಡಿಸಿದ್ದಲ್ಲಿ ಲಭ್ಯ’. ಅಂದರೆ ಇದ್ದರೆ ಇದೆ. ಇದನ್ನು ಎಷ್ಟು ಸಲ ಓದಿದರೂ ಇದೆಯೋ ಇಲ್ಲವೋ ತಿಳಿಯಲಿಲ್ಲ. ಅತ್ತಿಗೆ ಹೇಳಲೂ ಇಲ್ಲ.

ಶುಕ್ರವಾರ ಬೈಲಹೊಂಗಲದ ಶೋರೂಮಿನಲ್ಲಿ ಕಾರನ್ನು ನಮಗೆ ಒಪ್ಪಿಸಿದವನು ಕೌಶಿಕ. ಧಾರವಾಡದ ಕಡೆಯ ಹುಡುಗ, ಟೈ ಕಟ್ಟಿದ್ದ, ನನಗಿಂತ ವೇಗವಾಗಿ ಮಾತಾಡುತ್ತಿದ್ದ. ತಂಪು ಸೀಟು ತೋರಿಸಿದ, ಅರವತ್ನಾಲ್ಕು ಬಣ್ಣ ತೋರಿಸಿದ. ನಾನು ಬಣ್ಣ ನೋಡಲಿಲ್ಲ.

“ಸುತ್ತಲ ಕ್ಯಾಮೆರಾ ತೋರಸ್ರಿ,” ಎಂದೆ.

“ಅವ ಮೇಡಂ, ನಾಕೂ ಅವ. ಆದ್ರ ಈಗ ಕಾಣಂಗಿಲ್ಲ.”

“ಅಂದ್ರ?”

“ಅಪ್‌ಡೇಟ್ ಬರಲಿಕ್ಕತ್ತದ. ಮನಿಗೆ ಹೋಗಿ ನಿಲ್ಲಿಸಿ ಓಕೆ ಒತ್ರಿ. ಅರ್ಧಾ ತಾಸು ಗಾಡಿ ಚಾಲೂ ಮಾಡಬ್ಯಾಡ್ರಿ. ಆಮ್ಯಾಲೆ ಕಾಣತದ.”

“ಖರೇನ ಕಾಣತೈತೇನ್ರಿ?”

“ಕಾಣಬೇಕು ಮೇಡಂ.”

“ಆ ನಕ್ಷತ್ರ?”

“ಅದನ್ನ ಎಲ್ಲಾದಕ್ಕೂ ಹಾಕ್ತಾರ್ರಿ.”

‘ಕಾಣಬೇಕು’ ಎನ್ನುವುದನ್ನು ನನ್ನ ಪಟ್ಟಿಯಲ್ಲಿ ‘ಬರಬಹುದು’ ಕೆಳಗೆ ಬರೆಯಬೇಕೋ ‘ಬಂದೇ ಬರುತ್ತದೆ’ ಕೆಳಗೆ ಬರೆಯಬೇಕೋ ಗೊತ್ತಾಗದೆ ಸುಮ್ಮನೆ ಸ್ಟೇರಿಂಗ್ ಹಿಡಿದೆ.

ಮುನವಳ್ಳಿಯವರೆಗೆ ನಾನೇ ಓಡಿಸಿದೆ. ಅತ್ತಿ ಪಕ್ಕದಲ್ಲಿ. ಸ್ಟೇರಿಂಗ್ ಹಿಂದೆ ಇರುವ ಸಣ್ಣ ಕ್ಯಾಮೆರಾ ಓಡಿಸುವವರ ಮುಖವನ್ನೇ ನೋಡುತ್ತಿರುತ್ತದೆ, ರಸ್ತೆ ಬಿಟ್ಟು ಆಕಡೆ ಈಕಡೆ ನೋಡಿದರೆ ಟಣ್ ಟಣ್ ಎಂದು ಬೈಯುತ್ತದೆ. ಅತ್ತಿಯ ಮುಖ ಹೇಗಿದೆ ಎಂದು ನಾನು ಹೊರಳಿ ನೋಡಿದಾಗಲೆಲ್ಲ ಬೈಸಿಕೊಂಡೆ.

“ನನಗ ಬೈಯಾಕ ಇದಕ್ಕ ಆಗೂದಿಲ್ಲ,” ಎಂದಳು ಅತ್ತಿ. “ನಾ ಹೆಂಗಿದ್ರೂ ಮುಂದ ನೋಡೂದ ಅಷ್ಟ.”

ಓಣಿಯೊಳಗೆ ಬಂದು ಮನೆ ಮುಂದೆ ನಿಲ್ಲಿಸಿದಾಗ ಹನ್ನೊಂದು ಗಂಟೆ. ಓಕೆ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಇನ್ನು ಅರ್ಧ ತಾಸು. ಮಾವನ ತಾಯಿ ಕಾಡವ್ವ ಆಯಿ ಹೊತ್ತು ದಂಡ ಮಾಡುವವಳಲ್ಲ, ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತಾಟಿನಲ್ಲಿ ವಿಭೂತಿ ಗಟ್ಟಿ, ಕುಂಕುಮ, ನಾಲ್ಕು ಲಿಂಬೆಹಣ್ಣು, ಕಾಯಿ, ಭಂಡಾರದ ಚೀಲ, ಅಂದರೆ ಯಲ್ಲಮ್ಮನ ಗುಡ್ಡದಿಂದ ತಂದ ಅರಿಸಿನ ಪುಡಿ. ಶೋರೂಮಿನಲ್ಲಿ ಮಾಡಿದ ಪೂಜೆ ಅವಳಿಗೆ ಪೂಜೆಯೇ ಅಲ್ಲ.

“ಏನೇನ ಐತಿ ಪೂನವ್ವ ಇದರಾಗ?” ಎಂದು ಕೇಳಿದಳು.

ಎಂಟು ತಿಂಗಳಲ್ಲಿ ಯಾರೂ ನನ್ನನ್ನು ಇಷ್ಟು ನೇರವಾಗಿ, ಇಷ್ಟು ಪುರುಸೊತ್ತಿನಿಂದ ಕೇಳಿರಲಿಲ್ಲ. “ಆಯಿ, ಇದಕ್ಕ ಆರು ಕಣ್ಣು ಅದಾವ,” ಎಂದೆ.

“ಆರ? ಶಿವಗ ಮೂರ.”

ಕೈ ಹಿಡಿದು ತೋರಿಸಿದೆ. ಮೂತಿಯ ಮೇಲೆ ಒಂದು, ಎರಡು ಕನ್ನಡಿಗಳ ಕೆಳಗೆ ಒಂದೊಂದು, ಹಿಂದೆ ನಂಬರ್ ಪ್ಲೇಟಿನ ಮೇಲೆ ಒಂದು, ಮುಂದಿನ ಗಾಜಿನ ನೆತ್ತಿಯಲ್ಲಿ ಒಂದು, ಒಳಗೆ ಸ್ಟೇರಿಂಗ್ ಹಿಂದೆ ಒಂದು.

“ಒಳಗಿಂದು ಯಾರನ್ನ ನೋಡತೈತಿ?”

“ಓಡಸಾವರನ್ನ.”

“ಸೊಸಿ ಮ್ಯಾಲ ಅತ್ತಿ ಕಣ್ಣು ಇದ್ದಂಗ,” ಎಂದಳು ಆಯಿ. ಅದಕ್ಕೆ ಕುಂಕುಮದ ಬೊಟ್ಟನ್ನು ಪಕ್ಕದಲ್ಲಿ ಇಟ್ಟಳು. ಉಳಿದ ಐದಕ್ಕೆ ಮರ್ಯಾದೆ ಹೆಚ್ಚು. ದೃಷ್ಟಿ ಮೊದಲು ತಾಗುವುದು ಕಣ್ಣಿಗೇ ಎಂದು ಹೇಳುತ್ತ, ವಿಭೂತಿ ನೀರಲ್ಲಿ ತೇಯ್ದು ಮೂರು ಬೆರಳಲ್ಲಿ ಒಂದೊಂದಕ್ಕೂ ಎಳೆದಳು, ಹಸಿ ಇರುವಾಗಲೇ ಮೇಲೆ ಭಂಡಾರ ಒತ್ತಿದಳು. ಗಾಜಿನ ನೆತ್ತಿಗೆ ಅವಳ ಕೈ ಎಟುಕದೆ ನಾನೇ ಸ್ಟೂಲು ತಂದುಕೊಟ್ಟೆ. ಬಿಳಿ ಕಾರು, ಅದರ ಮೇಲೆ ಹಳದಿ. ನಾನು ಸುತ್ತಲೂ ಓಡಾಡಿ ಫೋಟೋ ತೆಗೆದೆ. ಬಹಳ ಚೆನ್ನಾಗಿ ಬಂದವು.

ಆಮೇಲೆ ನಮ್ಮ ಹಣೆಗಳ ಸರದಿ. ಆಯಿ ಗಿಡ್ಡ, ಅತ್ತಿಗೆ ತಲೆ ಬಾಗಿಸಲು ಬರುವುದಿಲ್ಲ. ಆಯಿ ತುದಿಗಾಲಲ್ಲಿ ನಿಂತು ವಿಭೂತಿ ಬಳಿದು ಭಂಡಾರ ಹಚ್ಚುವಾಗ ಅರ್ಧ ಉದುರಿ ಅತ್ತಿಯ ಚಷ್ಮಾದ ಮೇಲೆ ಬಿತ್ತು. ಲಿಂಬೆಹಣ್ಣುಗಳನ್ನು ಗಾಲಿಗಳ ಮುಂದೆ ಇಟ್ಟಾಯಿತು. ಅಷ್ಟರಲ್ಲಿ ಪರದೆಯ ಚಕ್ರ ನಿಂತಿತು.

ಓಡಿ ಹೋಗಿ ಕುಳಿತೆ. ಅತ್ತಿ ಕಿಟಕಿಯ ಹತ್ತಿರ ಬಂದು ನಿಂತಳು, ಮಾವ ಅವಳ ಹಿಂದೆ. ಬ್ರೇಕ್ ಒತ್ತಿ ಹಿಂದಿನ ಗೇರಿಗೆ ಹಾಕಿದೆ.

ಪರದೆ ಹಳದಿಯಾಯಿತು.

ನಡುವೆ ಮೇಲಿನಿಂದ ನೋಡಿದ ಹಾಗೆ ಕಾರಿನ ಚಿತ್ರ, ಅದು ಮಾತ್ರ ಸ್ಪಷ್ಟ. ಸುತ್ತ ನಾಲ್ಕೂ ಕಡೆ ಮಂಕು ಹಳದಿ, ಕಡಲೆ ಹಿಟ್ಟಿನ ರಾಶಿಯಲ್ಲಿ ಕಾರು ಹೂತುಹೋದ ಹಾಗೆ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಕ್ಯಾಮೆರಾ ಲಭ್ಯವಿಲ್ಲ ಎಂದು. ನನಗೆ ಆ ನಕ್ಷತ್ರ ನೆನಪಾಯಿತು. ಲಭ್ಯವಿಲ್ಲ ಎಂದರೆ ಈಗ ಇಲ್ಲವೋ, ಈ ಮಾಡೆಲ್ಲಿಗೇ ಇಲ್ಲವೋ?

“ಹದ್ದು ಎಲ್ಲೈತಿ?” ಎಂದ ಮಾವ.

“ತಡೀರಿ ಮಾವ, ಬರತೈತಿ.”

“ಮಳೀನೂ ಇಲ್ಲ, ಧೂಳೂ ಇಲ್ಲ. ನಿನ್ನ ಹದ್ದಿಗೆ ಕಾಮಾಲಿ ಆಗೈತಿ ನೋಡ.”

ಬಂದ್ ಮಾಡಿ ಚಾಲೂ ಮಾಡಿದೆ. ಹಳದಿ. ಹೊರಗೆ ಇಳಿದು ಬಾಗಿಲು ಹಾಕಿ ಕೀಲಿ ದೂರ ಒಯ್ದು ತಂದೆ. ಹಳದಿ. ಕೌಶಿಕನಿಗೆ ಫೋನ್ ಹಚ್ಚಿದೆ.

“ಹಳದೀ?” ಎಂದ ಅವನು. “ಹಳದಿ ಬರಂಗಿಲ್ಲಲ್ಲ ಮೇಡಂ. ಕರೇದು ಬಂದ್ರ ವೈರ್ ಪ್ರಾಬ್ಲಮ್. ನೀಲಿ ಬಂದ್ರ ಸಾಫ್ಟ್‌ವೇರ್. ಹಳದಿ ನಾ ಕೇಳೇ ಇಲ್ಲ.”

“ಮತ್ತ ಏನಿರಬಹುದ್ರಿ?”

“ಕ್ಯಾಲಿಬ್ರೇಷನ್ ಇರಬಹುದು, ಬೆಳಗಾವಿಗೆ ತರಬೇಕಾಗ್ತದ, ಮುಂದಿನ ಗುರುವಾರ. ಇಲ್ಲಾಂದ್ರ ಮುಂದಿನ ಅಪ್‌ಡೇಟ್‌ಗೆ ಬರತಿರಬಹುದು, ಮೂರು ತಿಂಗಳು. ಇಲ್ಲಾಂದ್ರ ನಿಮ್ಮ ಪ್ರೋಕ್ಕ ಕ್ಯಾಮೆರಾ ಇದ್ದು ಚಿತ್ರ ಇರಲಿಕ್ಕಿಲ್ಲ.”

“ಮೂರರಾಗ ಯಾವುದು?”

“ಮೂರೂ ಇರಬಹುದು ಮೇಡಂ.”

ಮೊಬೈಲಿನಲ್ಲಿ ಹುಡುಕಿದೆ. ಒಬ್ಬ ಹಳದಿ ಎಂದರೆ ರಾತ್ರಿ ಮೋಡ್ ಎಂದಿದ್ದ. ಮಧ್ಯಾಹ್ನ ಹನ್ನೆರಡರ ಬಿಸಿಲು ನೆತ್ತಿ ಸುಡುತ್ತಿತ್ತು. ರಾತ್ರಿ ಮೋಡ್ ತೆಗೆಯುವುದು ಎಲ್ಲಿ ಎಂದು ಹುಡುಕುತ್ತ ಹೋಗಿ ಸೀಟು ತಂಪು ಮಾಡಿದೆ, ಡಿಕ್ಕಿ ತೆರೆದೆ, ಅರವತ್ನಾಲ್ಕು ಬಣ್ಣಗಳಲ್ಲಿ ಎಲ್ಲಿ ಹಳದಿ ಹಚ್ಚಿಟ್ಟೆನೋ ಎಂದು ಅದನ್ನೂ ಬದಲಿಸಿದೆ. ಕಾರಿನೊಳಗೆ ನೇರಳೆ ಬೆಳಕಾಯಿತು. ಪರದೆ ಹಳದಿಯೇ ಇತ್ತು. ತಲೆ ಎತ್ತಿದಾಗ ಕಿಟಕಿಯ ಹತ್ತಿರ ಅತ್ತಿ ಇರಲಿಲ್ಲ.

ಒಳಗೆ ಹೋದೆ. ಅರ್ಜಿ ಮೇಜಿನ ಮೇಲಿತ್ತು, ಅತ್ತಿ ಪೆನ್ನಿನ ಟೊಪ್ಪಿಗೆ ತೆಗೆಯುತ್ತಿದ್ದಳು.

“ಅತ್ತಿ, ಮೂರು ತಿಂಗಳಿಗೆ ಬರಬಹುದಂತ.”

“ಬರಬಹುದು ಅನ್ನೂದನ್ನ ಎಂಟು ತಿಂಗಳು ಕೇಳೇನಿ ಪೂನಿ.” ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. “ನಿಂದೇನ ತಪ್ಪಿಲ್ಲ. ಅಂದಾಜಿನ ಮ್ಯಾಲ ಕಾರ ತಗೊಂಡಾಕಿ ನಾನು.”

“ಸೋಮವಾರ ಹೂಲಿ?”

“ಬಸ್ಸಿಗೆ ಹೋಗತೇನಿ. ಏಳನೇ ಕ್ಲಾಸಿನ ಹುಡುಗೂರಿಗೆ ಹೇಳತೇನಿ. ಮುಂದ ಹೊಸ ಟೀಚರ್ ಬಾಯಾರು ಬರತಾರ ಅಂತ.”

ಸಹಿ ಮಾಡುವ ಗೆರೆ ಅವಳಿಗೆ ಕಾಣಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದಳು, ಆಗಲೂ ಕಾಣಲಿಲ್ಲ. ಚಷ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡಳು, ಹಾಕಿಕೊಂಡಳು, ಪೆನ್ನನ್ನು ಗೆರೆಯ ಮೇಲೆ ಇಟ್ಟಳು. ಇಟ್ಟವಳು ಬರೆಯಲಿಲ್ಲ. ಸೆರಗಿನ ತುದಿಯನ್ನು ಮುಖದ ಎದುರಿಗೆ ಎತ್ತಿ ಹಿಡಿದು ನೋಡಿದಳು. ಬಿಳಿ ಸೀರೆಯ ಅಂಚಿನಲ್ಲಿ ಹಳದಿ ಕಲೆ.

“ಆಯಿ ಕಾರಿಗೆ ಎಲ್ಲೆಲ್ಲಿ ಹಚ್ಚ್ಯಾರ?” ಎಂದು ಕೇಳಿದಳು.

“ಎಲ್ಲಾ ಕಣ್ಣಿಗೂ. ನಾನ ತೋರಿಸ್ದೆ,” ಎಂದೆ. ಹೆಮ್ಮೆಯಿಂದಲೇ ಬಾಯಿ ತೆರೆದಿದ್ದೆ. ಕೊನೆಯ ಶಬ್ದಕ್ಕೆ ಬರುವಷ್ಟರಲ್ಲಿ ನನಗೆ ನನ್ನ ಫೋಟೋಗಳು ನೆನಪಾದವು.

ಅತ್ತಿ ಪೆನ್ನಿಗೆ ಟೊಪ್ಪಿಗೆ ಹಾಕಿ ಎದ್ದಳು. ಹೊರಗೆ ಬಂದು, ಕುತ್ತಿಗೆ ಬಾಗದ್ದಕ್ಕೆ ಎರಡೂ ಮೊಣಕಾಲು ಮಡಚಿ ಕಾರಿನ ಹಿಂದೆ ಕುಳಿತಳು. ನಂಬರ್ ಪ್ಲೇಟಿನ ಮೇಲೆ ಭಂಡಾರ ಒಣಗಿ ಗಟ್ಟಿಯಾಗಿ ಕೂತಿತ್ತು. ನಾನು ಓಡಿ ಹೋಗಿ ಒರೆಸಲು ಕೈ ಹಾಕಿದೆ. ಆಯಿ ನನ್ನ ಮುಂಗೈ ಹಿಡಿದಳು.

“ಹಚ್ಚಿದ ವಿಭೂತಿ ಹೊತ್ತು ಮುಣಗೂತನಕ ಒರಸಂಗಿಲ್ಲ.”

“ಆಯಿ, ಕ್ಯಾಮೆರಾ ಐತಿ ಒಳಗ.”

“ನೀನ ಕಣ್ಣು ಅಂದಿ. ಈಗ ಕ್ಯಾಮೆರಾ ಅಂತಿ. ಒಂದು ಮಾತಿನ ಮ್ಯಾಲ ನಿಂದರು.”

“ಎಂಥಾ ಕಣ್ಣಾದ್ರೂ ಮೆತ್ತಿದ್ರ ಕಾಣೂದಿಲ್ಲಲಬೇ,” ಎಂದ ಮಾವ.

“ನಿನ್ನ ಹಣಿಗೆ ನಾ ದಿನಾ ಹಚ್ಚತೇನಿ. ನೀ ಕಂಡದ್ದು ಏನೈತಿ?”

ಓಣಿಯ ಬಾಯಲ್ಲಿ ಎಮ್ಮೆಗೆ ನೀರು ಹಾಕುತ್ತಿದ್ದ ಕೃಷ್ಣವ್ವ ಬಿಂದಿಗೆ ಇಟ್ಟು ಕೇಳುತ್ತ ನಿಂತಳು. ನಾನು ಮೊಬೈಲ್ ತೆಗೆದು ಪಟ್ಟಿ ನೋಡಿದೆ. ಇಪ್ಪತ್ತೇಳನೆಯದು: ಹಿಂದಿನ ಕ್ಯಾಮೆರಾ ತನ್ನಷ್ಟಕ್ಕೆ ತೊಳೆದುಕೊಳ್ಳುತ್ತದೆ, ಬರಬಹುದು. ಅದನ್ನು ಜೋರಾಗಿ ಓದಬಾರದೆಂದು ನನಗೂ ತಿಳಿಯಿತು.

ಅತ್ತಿ ಇನ್ನೂ ಕೆಳಗೇ ಕುಳಿತಿದ್ದಳು. “ಒರಸೂದು ಬ್ಯಾಡ ಅವ್ವಾ,” ಎಂದಳು ನಿಧಾನಕ್ಕೆ. “ಲಿಂಗಕ್ಕ ಹಚ್ಚಿದ್ದನ್ನ ಮರುದಿನ ಏನ ಮಾಡತೀರಿ?”

“ಅಭಿಷೇಕ ಮಾಡತೇವಿ.”

“ಆವಾಗ ವಿಭೂತಿ ಎಲ್ಲಿ ಹೋಗತೈತಿ?”

ಆಯಿ ಅತ್ತಿಯನ್ನು ನೋಡಿದಳು, ಕಾರನ್ನು ನೋಡಿದಳು. ಸೊಸೆ ಶಾಲೆಯಲ್ಲಿ ಮಕ್ಕಳಿಗೆ ಹೀಗೇ ಪ್ರಶ್ನೆ ಕೇಳುತ್ತಾಳೆಂದು ಅವಳಿಗೆ ಹೊಳೆದಿರಬೇಕು, ತುಟಿಯ ತುದಿ ಸ್ವಲ್ಪ ಎಳೆದುಕೊಂಡಿತು.

“ಹಂಗಾರ ಆದೀತು,” ಎಂದಳು. “ಕೃಷ್ಣಾ, ಆ ಬಿಂದಿಗಿ ತಾ. ಎಮ್ಮಿ ಬಾಯಿ ಹಾಕಿಲ್ಲಲ ಅದಕ್ಕ?”

“ಇನ್ನೂ ಇಲ್ಲಬೇ.”

ಅತ್ತಿ ಹೋಗಿ ಸ್ಟೇರಿಂಗ್ ಮುಂದೆ ಕುಳಿತಳು. ನಾನು ಪಕ್ಕದಲ್ಲಿ. ಅವಳು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಇನ್ನೊಬ್ಬರ ಮನೆಗೆ ಹೋದವರ ಹಾಗೆ. ಹಿಂದೆ ತಂಬಿಗೆಯಿಂದ ನೀರು ಬೀಳುವ ಸದ್ದು, ಆಯಿಯ ಬಾಯಲ್ಲಿ ಓಂ ನಮಃ ಶಿವಾಯ. ಗೇರು ಹಾಕು ಎಂದು ನಾನು ಹೇಳುವ ಮೊದಲೇ ಹಾಕಿದಳು.

ಹಳದಿ ಕದಡಿತು. ತೆಳ್ಳಗಾಯಿತು. ಗೆರೆ ಗೆರೆಯಾಗಿ ಇಳಿದು ಹೋಗುತ್ತ ಹೋಗುತ್ತ ಮೊದಲು ಒಂದು ಬೂದು ಅಂಚು, ಆಮೇಲೆ ಅಂಚಿನ ನಡುವೆ ಸಿಮೆಂಟು ಮೆತ್ತಿದ ಸೀಳು. ಕೃಷ್ಣವ್ವನ ದೋಣಿ. ದೋಣಿಯ ಪಕ್ಕ ಎಮ್ಮೆಯ ನಾಲ್ಕು ಕಾಲು, ಅದರ ಪಕ್ಕ ಎರಡು ಬರಿಗಾಲು. ಆಯಿ ಕನ್ನಡಿಗಳ ಕಡೆ ಬಂದಳು. ಎಡಗಡೆ ಗೋಡೆ ಮೂಡಿತು, ಬಲಗಡೆ ಗಟಾರ.

“ಕೃಷ್ಣವ್ವನ ಕಾಲುಂಗುರ ಕಾಣಾಕತ್ತಾವ,” ಎಂದಳು ಅತ್ತಿ.

ನಾನು ಹೊರಳಿ ನೋಡಿದೆ. ಅವಳು ಚಷ್ಮಾ ಮತ್ತೊಮ್ಮೆ ಒರೆಸುತ್ತಿದ್ದಳು, ಆದರೆ ಅದರ ಮೇಲೆ ಈಗ ಭಂಡಾರ ಇರಲಿಲ್ಲ.

“ಶೈಲಾ, ತಡಿ,” ಎಂದು ಮಾವ ಮುಂದಿನಿಂದ ಕೂಗಿದ. “ಲಿಂಬಿ ಗಾಲಿ ಮುಂದ ಇಟ್ಟೇವಿ. ನೀ ಹಿಂದ ಹೊಂಟಿ.”

ಇದು ದೊಡ್ಡ ತೊಡಕಾಯಿತು. ಹೊಸ ಗಾಡಿ ಮೊದಲು ಮುಂದಕ್ಕೇ ಹೋಗಬೇಕು, ಮುಂದೆ ಇದ್ದದ್ದು ಗೋಡೆ. ಹಿಂದೆ ಇಟ್ಟರೆ ನಡೆಯುತ್ತದೋ ಇಲ್ಲವೋ ಎಂದು ಆಯಿ, ಮಾವ, ಕೃಷ್ಣವ್ವ ಮೂವರೂ ಮಾತಾಡಿದರು. ಕೊನೆಗೆ ಆಯಿಯೇ ತೀರ್ಮಾನ ಕೊಟ್ಟಳು: ಇದಕ್ಕೆ ಹಿಂದೆಯೂ ಕಣ್ಣಿದೆ, ಹಾಗಾಗಿ ಹಿಂದೆ ಎಂಬುದೂ ಮುಂದೆಯೇ. ಲಿಂಬೆಹಣ್ಣುಗಳು ಗಾಲಿಗಳ ಆಕಡೆ ಹೋದವು. ಕೃಷ್ಣವ್ವ ಎಮ್ಮೆ ಬಿಚ್ಚಿ ಒಳಗೆ ಹೊಡೆದುಕೊಂಡು ಹೋದಳು.

“ಯಾಕವ್ವಾ, ನನಗ ಕಾಣತೈತಿ,” ಎಂದಳು ಅತ್ತಿ ಕಿಟಕಿಯಿಂದ.

“ನಿನಗ ಕಾಣತೈತಿ. ಎಮ್ಮಿಗೆ ಅದು ಗೊತ್ತಿಲ್ಲಲ.”

ನಾಲ್ಕು ಲಿಂಬೆಹಣ್ಣು ಪಚಕ್ ಎಂದವು. ಕಾರು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಅತ್ತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ, ಒಳಗಿನ ಕ್ಯಾಮೆರಾ ಟಣ್ ಎಂದಿತು, ಅವಳು ಲಕ್ಷ್ಯ ಕೊಡಲಿಲ್ಲ. ದೋಣಿಯ ಅಂಚು ಹತ್ತಿರ ಬಂತು, ಒಂದು ಗೇಣು ಉಳಿಯಿತು, ಪಕ್ಕದಿಂದ ಜಾರಿ ಹೋಯಿತು. ನಾವು ರಸ್ತೆಯಲ್ಲಿದ್ದೆವು.

ಅತ್ತಿ ಕಾರನ್ನು ಓಣಿಯೊಳಗೆ ವಾಪಸು ತಂದಳು, ಮತ್ತೆ ಹಿಂದಕ್ಕೆ ತೆಗೆದಳು. ಮತ್ತೆ ತಂದಳು. ಮೂರನೆಯ ಸಲಕ್ಕೆ ಕೃಷ್ಣವ್ವ ಎಮ್ಮೆಯನ್ನು ಹೊರಗೆ ತಂದು ಕಟ್ಟಿದಳು.

ಇಳಿದಾಗ ಮಾವ ಅರ್ಜಿ ಹಿಡಿದು ನಿಂತಿದ್ದ. “ಇದನ್ನೇನ ಹರೀಲೇನ?”

“ಹರೀಬ್ಯಾಡ್ರಿ. ಹಿಂದಿನ ಮಗ್ಗಲ ಖಾಲಿ ಐತಿ. ಹುಡುಗೂರಿಗೆ ಲೆಕ್ಕ ಬರಸಾಕ ಆಗತೈತಿ.”

ಮುಂದಿನ ಗಾಜಿನ ನೆತ್ತಿಯ ವಿಭೂತಿಗೆ ನೀರು ಎಟುಕಿರಲಿಲ್ಲ. ರಸ್ತೆಯ ಪಟ್ಟೆ ನೋಡುವ ಕಣ್ಣು ಮುಚ್ಚಿದೆ ಎಂದು ಪರದೆ ಇನ್ನೂ ಹೇಳುತ್ತಲೇ ಇತ್ತು. ನಾನು ಸ್ಟೂಲು ತರಲು ಹೊರಟೆ. ಅತ್ತಿ ಬೇಡ ಎಂದಳು. “ಅದಿರಲಿ. ರಸ್ತೆ ನಾನ ನೋಡತೇನಿ.”

ಆಯಿ ತಾಟು ಎತ್ತಿಕೊಂಡು ಒಳಗೆ ಹೊರಟವಳು ನಿಂತಳು. “ಸೋಮವಾರ ಸಾಲಿಗೆ ಹೊಂಟ್ರ ಮುಂಜಾನೆ ಮತ್ತ ಹಚ್ಚಬೇಕಲ್ಲ.”

“ಹಚ್ಚ್ರಿ ಅವ್ವಾ,” ಎಂದಳು ಅತ್ತಿ. “ಕಣ್ಣು ಬಿಟ್ಟು ಹಣಿಗೆ ಹಚ್ಚ್ರಿ.”

ಆಯಿ ತಾಟು ಹಿಡಿದೇ ಕಾರಿನ ಸುತ್ತ ಒಂದು ಸುತ್ತು ಬಂದಳು, ಮುಂದೆ ನಿಂತು ನೋಡಿದಳು, ಹಿಂದೆ ನಿಂತು ನೋಡಿದಳು.

“ಪೂನವ್ವ, ಇದರ ಹಣಿ ಯಾವುದ?”

ನಾನು ಮೊಬೈಲ್ ತೆಗೆದು ಪಟ್ಟಿಯಲ್ಲಿ ಹುಡುಕಿದೆ. ನಲವತ್ಮೂರರಲ್ಲಿ ಅದು ಇರಲಿಲ್ಲ.